ಶುವೈಖ್ ಬಿಡದ ಬಾಳಾಸಾಹೇಬ ಕಾಕಾ

ಕುವೈತಿನ ಫಿಂಟಾಸಿನಲ್ಲಿರುವ ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಮೊದಲು ಕೇಳಿಸುತ್ತಿದ್ದದ್ದು ಎರಡನೇ ಮಹಡಿಯ ಕಾಂಚನಾ ಕಾಕು ಜೋಳದ ರೊಟ್ಟಿ ಬಡಿಯುವ ಸದ್ದು. ಅದರ ಹಿಂದೆಯೇ ಅವರ ಗಂಡ ಬಾಳಾಸಾಹೇಬ ಕಾಕಾ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಬಸ್ಸಿಗೆ ಹೋಗುವ ಸದ್ದು. ಆ ಎರಡು ಸದ್ದು ಕೇಳಿದ ಮೇಲೆ ನಾನೆದ್ದು ಹಾಲು ಕಾಯಿಸುತ್ತಿದ್ದೆ. ಈಗ ಅಲಾರಂ ಇಟ್ಟುಕೊಳ್ಳುತ್ತೇನೆ.

ನಾನು ಹಾಸನದ ಕಡೆಯವಳು, ನಮ್ಮಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಅನ್ನುತ್ತೇವೆ. ಅವರು ಗೋಕಾಕದ ಹತ್ತಿರದವರು. ಮದುವೆಯಾಗಿ ಬಂದ ಮೊದಲ ವಾರ ಅಡುಗೆಮನೆಯಲ್ಲಿ ಏನು ಎಲ್ಲಿದೆ ಎಂದು ತಿಳಿಯದೆ ನಿಂತಿದ್ದಾಗ ಕಾಕು ಬಾಗಿಲು ತಟ್ಟಿ, "ಹೊಸದಾಗಿ ಬಂದಾಕಿ ನೀನ ಏನ? ಬಾ, ಮೊದಲ ಉಣ್ಣು. ಆಮ್ಯಾಲೆ ಅತ್ತರ ನಡೀತೈತಿ" ಎಂದು ಕೈ ಹಿಡಿದು ಕರೆದುಕೊಂಡು ಹೋಗಿದ್ದರು. ಅಂದಿನಿಂದ ಅವರು ನನಗೂ ಕಾಕಾ, ಕಾಕು. ಮಗಳು ಇಂಚರಾಗೆ ಈಗ ಮೂರೂವರೆ ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ಕಾಕಾ ಗೋಕಾಕದ ಕನ್ನಡದಲ್ಲಿ ಕೇಳುವುದು, ಇವಳು ನರ್ಸರಿ ಇಂಗ್ಲಿಷಿನಲ್ಲಿ ಹೇಳುವುದು. ಒಂದು ದಿನವೂ ಇಬ್ಬರಿಗೆ ಮಾತು ತಪ್ಪಿದ್ದನ್ನು ನಾನು ಕಾಣೆ.

ಕಾಕಾ ಕೆಲಸ ಮಾಡುತ್ತಿದ್ದದ್ದು ಸರ್ಕಾರದ ಒಂದು ತಾಂತ್ರಿಕ ಕಾಲೇಜಿನಲ್ಲಿ. ಅಲ್ಲಿ ಎರಡೇ ವರ್ಷದ ಓದು. ಹೈಸ್ಕೂಲು ಮುಗಿಸಿದ ಇಲ್ಲಿನ ಹುಡುಗರು ಬಂದು ಫಿಟ್ಟಿಂಗ್, ವೆಲ್ಡಿಂಗ್, ಏಸಿ ಕೆಲಸ ಕಲಿತು, ಡಿಪ್ಲೊಮಾ ಹಿಡಿದು ನೌಕರಿಗೆ ಹೋಗುತ್ತಾರೆ. ಅದಕ್ಕೆ ಕುವೈತಿನ ಉದ್ದಕ್ಕೂ ಐದು ಕ್ಯಾಂಪಸ್. ಕಾಕಾನದು ಶುವೈಖ್ ಕ್ಯಾಂಪಸ್ಸಿನ ಫಿಟ್ಟಿಂಗ್ ವರ್ಕ್‌ಶಾಪು. ಸಂಬಳ ಕಾಲೇಜಿನದಲ್ಲ, ಗುತ್ತಿಗೆ ಕಂಪನಿಯದು. ಕಂಪನಿಗಳು ಬದಲಾದವು, ಕಾಕಾ ಬದಲಾಗಲಿಲ್ಲ. ಇಪ್ಪತ್ತಮೂರು ವರ್ಷ ಅದೇ ವರ್ಕ್‌ಶಾಪಿನ ಬೀಗ ತೆಗೆದರು.

ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ಅಳತೆ ಹೇಳುತ್ತಾರೆ. ಆದರೆ ಅರ, ಅಂದರೆ ಫೈಲು, ಹಿಡಿಯುವುದು ಹೇಗೆ, ಉಕ್ಕನ್ನು ತಿಕ್ಕುವಾಗ ಭುಜ ಎಲ್ಲಿರಬೇಕು, ಎಲ್ಲಿ ಉಸಿರು ಬಿಡಬೇಕು, ಇದನ್ನೆಲ್ಲ ಹುಡುಗರ ಹಿಂದೆ ನಿಂತು ಕೈ ಹಿಡಿದು ತಿದ್ದುತ್ತಿದ್ದದ್ದು ಕಾಕಾ. ಅವರ ಹೆಸರು ಆ ಹುಡುಗರಿಗೆ ಗೊತ್ತಿರಲಿಲ್ಲ. ಇಲ್ಲಿ ನಮ್ಮಂಥವರನ್ನು ಕರೆಯುವ ಹಾಗೆ ಅವರನ್ನೂ "ರಫೀಕ್", ಗೆಳೆಯ, ಎಂದು ಕರೆಯುತ್ತಿದ್ದರು. "ನಾಕ ಸಾವಿರ ಹುಡುಗೂರಿಗೆ ನಾ ಒಬ್ಬನ ರಫೀಕ ನೋಡವಾ" ಎಂದು ಕಾಕಾ ನಗುತ್ತಿದ್ದರು.

ಆ ವರ್ಕ್‌ಶಾಪಿನಲ್ಲಿ ಅವರದೇ ಒಂದು ಪದ್ಧತಿ ಇತ್ತು. ಪಾಠ ಮುಗಿಯಲು ಅರ್ಧ ಗಂಟೆ ಇರುವಾಗ ಒಂದು ಬೆಲ್ ಹೊಡೆಯುತ್ತದೆ. ಆಗ ಕಾಕಾ ಕೈಯಲ್ಲಿದ್ದ ಕೆಲಸ ಅಲ್ಲೇ ಇಟ್ಟು, ಕೈ ಒರೆಸಿಕೊಂಡು, ಬೆಂಚುಗಳ ಸಾಲಿನಲ್ಲಿ ನಡೆಯಲು ಶುರು ಮಾಡುತ್ತಾರೆ. ಯಾರ ತುಂಡು ಕೂಡುತ್ತಿಲ್ಲವೋ ಅವನ ಪಕ್ಕ ನಿಂತು ಅರ ಇಸಕೊಂಡು ಮೂರು ಎಳೆತ ಎಳೆದು ಕೊಡುತ್ತಾರೆ. ಮೂರೇ. ನಾಲ್ಕನೆಯದು ಎಳೆಯುತ್ತಿರಲಿಲ್ಲ. "ಮೂರ ನಂದು, ಉಳಿದದ್ದ ನಿಂದು" ಎನ್ನುತ್ತಿದ್ದರಂತೆ, ಕನ್ನಡದಲ್ಲೇ. ಹುಡುಗರಿಗೆ ಏನು ತಿಳಿಯುತ್ತಿತ್ತೋ ಏನೋ, ಶುಕ್ರನ್, ಥ್ಯಾಂಕ್ಸ್, ಎಂದು ತಲೆಯಾಡಿಸುತ್ತಿದ್ದರಂತೆ.

ಆ ಐದು ಕ್ಯಾಂಪಸ್ಸುಗಳಲ್ಲಿ ಒಂದು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿಗೆ ಬಾ, ಸೀನಿಯರ್ ಮಾಡುತ್ತೇವೆ ಎಂದು ಮೂರು ಸಲ ಕರೆದಿದ್ದರು. ಮೂರು ಸಲವೂ ಕಾಕಾ ಒಲ್ಲೆ ಎಂದರು. ದಿನಾ ಎರಡು ಬಸ್ಸು ಬದಲಿಸಿ, ಬೇಸಿಗೆಯಲ್ಲಿ ಅಂಗಿ ಬೆನ್ನಿಗಂಟಿಸಿಕೊಂಡು ಶುವೈಖ್‌ಗೇ ಹೋಗುತ್ತಿದ್ದರು. ಸೋಮವಾರ ಬರುವುದು ಇನ್ನೂ ತಡ. ಕಟ್ಟಡದವರಿಗೆಲ್ಲ ಅದೊಂದು ತಮಾಷೆಯ ವಿಷಯ.

"ಏನ್ ಕಾಕಾ, ಪಕ್ಕದಲ್ಲೇ ಕ್ಯಾಂಪಸ್ ಇಟ್ಕೊಂಡು ಶುವೈಖ್‌ಗೆ ಓಡ್ತೀರಲ್ಲ, ಅಲ್ಲೇನು ಎರಡನೇ ಸಂಸಾರ ಇಟ್ಟಿದ್ದೀರಾ?" ಎಂದು ನನ್ನ ಗಂಡ ವಿವೇಕ್ ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗಲೇ ಕೇಳಿಬಿಟ್ಟರು.

"ಇಟ್ಟೇನಿ" ಎಂದರು ಕಾಕಾ, ಚಟ್ನಿ ಬಡಿಸುತ್ತ. "ನಿಮ್ಮ ಕಾಕುಗೂ ಗೊತ್ತೈತಿ."

ನಾವೆಲ್ಲ ನಕ್ಕೆವು. ಕಾಕು ಇನ್ನೊಂದು ರೊಟ್ಟಿ ತರಲು ಒಳಗೆ ಹೋದವರು ಸ್ವಲ್ಪ ಹೊತ್ತು ಬರಲಿಲ್ಲ.

ಈ ವರ್ಷದ ಆರಂಭದಲ್ಲಿ ಗುತ್ತಿಗೆ ಮತ್ತೆ ಹೊಸ ಕಂಪನಿಗೆ ಹೋಯಿತು. ಹೊಸಬರು ಎಲ್ಲರ ಕಾಗದ ನೋಡಿದರು. ಕಾಕಾ ಕಲಿತಿದ್ದ ಬೆಳಗಾವಿಯ ತರಬೇತಿ ಕೇಂದ್ರ ಮುಚ್ಚಿ ಎಷ್ಟೋ ವರ್ಷವಾಗಿದೆ, ಆ ಸರ್ಟಿಫಿಕೇಟು ನಿಜವೆಂದು ಹೇಳಲು ಯಾರೂ ಉಳಿದಿಲ್ಲ. ಹಾಗಿದ್ದರೆ ಪರೀಕ್ಷೆ ಕೊಡು ಎಂದರು ಕಂಪನಿಯವರು. ಪಾಸಾದರೆ ಟೆಕ್ನೀಷಿಯನ್ ಎಂದು ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಂದುವರಿಯುತ್ತದೆ, ಇಲ್ಲದಿದ್ದರೆ ಖಲಾಸ್, ಊರಿಗೆ. ಪರೀಕ್ಷೆ ನಡೆಸುವುದು ಅದೇ ಕಾಲೇಜು. ನಡೆಯುವ ಜಾಗ, ಕಾಕಾ ಮೂರು ಸಲ ಒಲ್ಲೆ ಎಂದಿದ್ದ ನಮ್ಮ ಪಕ್ಕದ ಕ್ಯಾಂಪಸ್.

ಈ ಸುದ್ದಿಯನ್ನು ಕಾಕು ಹೇಳಿದಾಗ ನಾನು ಅವರ ಅಡುಗೆಮನೆಯಲ್ಲಿ ಇಂಚರಾಗೆ ತುಪ್ಪದನ್ನ ತಿನ್ನಿಸುತ್ತಿದ್ದೆ. ಸಮಾಧಾನ ಮಾಡುವ ಉತ್ಸಾಹದಲ್ಲಿ ನಾನಂದೆ, "ಅಯ್ಯೋ ಬಿಡಿ ಕಾಕು, ಪಾಸಾದ್ರೆ ಆಯ್ತು, ಇಲ್ಲಾಂದ್ರೂ ಏನಂತೆ? ಐವತ್ತೈದಾಯ್ತು ಕಾಕಾಗೆ. ಮಕ್ಕಳು ಮರಿ ಅಂತ ಏನೂ ತಾಪತ್ರಯ ಇಲ್ಲ. ಊರಿಗೆ ಹೋಗಿ ಆರಾಮಾಗಿರಬಹುದು."

ಬಡಿಯುತ್ತಿದ್ದ ರೊಟ್ಟಿಯ ಮೇಲೆ ಕಾಕು ಕೈ ನಿಂತುಬಿಟ್ಟಿತು. ಅಂಚು ಬಿರುಕು ಬಿಟ್ಟ ಹಿಟ್ಟನ್ನು ಮತ್ತೆ ಮುದ್ದೆ ಮಾಡಿ, ನೀರು ಚಿಮುಕಿಸಿ, ಹೊಸದಾಗಿ ನಾದಿದರು.

"ಸೋಮಾರ ನಿನಗ ಪುರಸೊತ್ತೈತೇನ?" ಎಂದರು. "ಕೂಸಿನ್ನ ಶಿಫಾನಾ ಕಡೆ ಬಿಟ್ಟ ಬಾ. ಬಿಸಲ ಭಾಳ ಇರತೈತಿ."

ಶಿಫಾನಾ ನಮ್ಮ ಎದುರು ಮನೆಯವಳು. ಮಗಳನ್ನು ಅವಳಲ್ಲಿ ಬಿಟ್ಟು ಸೋಮವಾರ ಮಧ್ಯಾಹ್ನ ಕಾಕು ಜೊತೆ ಹೊರಟೆ. ಅವರ ಕೈಚೀಲದಲ್ಲಿ ಒಂದು ಸಣ್ಣ ಬಾಟಲಿ ಹಾಲು, ವಿಭೂತಿ, ಒಂದು ಬಟ್ಟೆಯ ತುಂಡು. ಶುವೈಖ್‌ನಲ್ಲಿ ಕಾಲೇಜಿನ ಗೇಟಿಗೆ ಕಾಕಾ ಬಂದು ಕೂಡಿಕೊಂಡರು. ಮೂವರೂ ಇನ್ನೊಂದು ಬಸ್ಸು ಹತ್ತಿದೆವು. ಸ್ವಲ್ಪವೇ ದೂರ. ಇಳಿದದ್ದು ಮುಸ್ಲಿಮರಲ್ಲದವರಿಗೆಂದು ಇರುವ ಸ್ಮಶಾನದ ಮುಂದೆ.

ಒಳಗೆ ಮರಳು, ಸಾಲು ಸಾಲು ದಿಬ್ಬ, ಕೆಲವಕ್ಕೆ ಶಿಲುಬೆ, ಕೆಲವಕ್ಕೆ ಬರೀ ಕಲ್ಲು. ಮೂಲೆಯ ಸಾಲಿನ ದಿಬ್ಬಗಳು ಚಿಕ್ಕವು. ಅವುಗಳಲ್ಲೊಂದರ ತಲೆಯ ಕಡೆ ನೆಟ್ಟಗೆ ನಿಲ್ಲಿಸಿದ ಅಂಗೈ ಅಗಲದ ಕಬ್ಬಿಣದ ತಗಡು, ಉಪ್ಪುಗಾಳಿಗೆ ಅಂಚು ತುಕ್ಕು ಹಿಡಿದಿತ್ತು. ಅದರ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಹದಿನೇಳು, ಹನ್ನೊಂದು, ಎರಡು ಸಾವಿರದ ಆರು. ವರ್ಕ್‌ಶಾಪಿನಲ್ಲಿ ಹುಡುಗರ ಕೆಲಸದ ತುಂಡಿಗೆ ರೋಲ್ ನಂಬರು ಹೊಡೆಯುತ್ತಾರಲ್ಲ, ಅದೇ ಪಂಚಿನ ಅಂಕಿಗಳು.

ಕಾಕು ಕುಳಿತು ಬಟ್ಟೆಯಿಂದ ಮರಳು ಒರೆಸುತ್ತ ಹೇಳಿದರು. "ಎಂಟ ತಿಂಗಳಿಗೆ ಬಂದ. ಒಂಬತ್ತ ದಿನ ಇದ್ದ. ಹದಿಮೂರನೇ ದಿನಕ್ಕ ತೊಟ್ಟಲದಾಗ ಹಾಕಿ ಹೆಸರ ಇಡಬೇಕಂತಿದ್ವಿ. ಹತ್ತನೇ ದಿನಾನ ನೋಡಲಿಲ್ಲ ಅಂವ. ನನಗ ಹೊಟ್ಟಿ ಕೊಯ್ದಿದ್ರು, ಏಳಾಕ ಬರತಿರಲಿಲ್ಲ. ವಿಮಾನದಾಗ ಕಳಸಬೇಕಂದ್ರ ಕಾಗದ, ಡಬ್ಬಿ, ಎಷ್ಟ ದಿನಾ ಐಸಿನಾಗ ಇಡಬೇಕೋ ಅಂದ್ರು. ನಾವೇನ ಸುಡೂ ಮಂದಿ ಅಲ್ಲ, ಮಣ್ಣ ಕೊಡೂ ಮಂದಿ. ಇವರ ಎದಿಗೆ ಅವಚಿಕೊಂಡ ಬಂದ ಇಲ್ಲಿ ಮಲಗಿಸಿ ಹೋದ್ರು. ನಾ ನೋಡಿದ್ದು ಎರಡ ತಿಂಗಳಾದ ಮ್ಯಾಲೆ."

ಹಾಲು ಹಾಕಿದರು. ಮರಳು ಕುಡಿದುಬಿಟ್ಟಿತು, ಒದ್ದೆ ಗುರುತೂ ಉಳಿಯಲಿಲ್ಲ. ಕಾಕಾ ವಿಭೂತಿ ಹಚ್ಚಿ, ಬೆರಳಿನಿಂದ ತಗಡಿನ ಅಂಚನ್ನು ಸುತ್ತಲೂ ಮುಟ್ಟಿ ನೋಡಿದರು, ಎಲ್ಲಾದರೂ ಚುಚ್ಚುತ್ತದೇನೋ ಎಂಬಂತೆ.

"ಇಲ್ಲಿಂದ ಕಾಲೇಜ ಒಂದ ಬಸ್ಸ" ಎಂದರು ನನ್ನ ಕಡೆ ನೋಡದೆ. "ಅದಕ್ಕ ಶುವೈಖ್ ಬಿಡಲಿಲ್ಲ."

ಅವತ್ತು ಡೈರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಊರಿಗೆ ಹೋಗಿ ಆರಾಮಾಗಿರಿ ಅಂದೆನಲ್ಲ.

ಪರೀಕ್ಷೆಗೆ ಆರು ವಾರವಿತ್ತು. ಕಾಕಾಗೆ ಬಾರದ ವಿದ್ಯೆಯೇನಲ್ಲ, ಆದರೆ ಎರಡು ತೊಡಕು. ಕಣ್ಣು ಮೊದಲಿನಂತಿಲ್ಲ. ಬಲಗೈ ಹೆಬ್ಬೆರಳು ಒಮ್ಮೊಮ್ಮೆ ತಾನಾಗಿ ನಡುಗುತ್ತದೆ. ಬಾಲ್ಕನಿಯ ಕಟ್ಟೆಗೆ ತುಂಡು ಕಚ್ಚಿ ಹಿಡಿಯುವ ಒಂದು ಸಣ್ಣ ವೈಸ್ ಬಿಗಿದು ಸಂಜೆ ಸಂಜೆ ಅಭ್ಯಾಸ ಶುರು ಮಾಡಿದರು. ಪರೀಕ್ಷೆಯ ಕೆಲಸ ಹೇಳಲು ಸುಲಭ. ಒಂದು ಉಕ್ಕಿನ ತುಂಡಿನಲ್ಲಿ ಚೌಕದ ಕಿಂಡಿ, ಇನ್ನೊಂದರಲ್ಲಿ ಆ ಕಿಂಡಿಗೆ ಕೂಡುವ ಚೌಕ. ಅರದಿಂದಲೇ ತಿಕ್ಕಿ ತಿಕ್ಕಿ ಎರಡನ್ನೂ ಹೊಂದಿಸಬೇಕು. ಕೂಡಿಸಿ ದೀಪಕ್ಕೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು.

ಬೆಳಕು ನೋಡುವ ಕೆಲಸ ಇಂಚರಾಗೆ ಬಿತ್ತು.

"ಬಾ ನಮ್ಮ ಇನಿಸ್‌ಪೆಕ್ಟರ್ ಬಾಯಿ, ನೋಡ. ಬೆಳಕ ಕಾಣತೈತೇನ?"

ಇವಳು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತುಂಡಿಗೆ ಅಂಟಿಸಿ ನೋಡುವುದು. "ಲಿಟಲ್ ಲೈಟ್, ಕಾಕಾ."

"ಇನ್ನೂ ಐತಿ?"

"ಲಿಟಲ್ ಲಿಟಲ್."

"ಭಾಳ ಕಡಕ ಅದಾಳವಾ ನಿನ್ನ ಮಗಳ" ಎಂದು ನನಗೆ ಹೇಳಿ ಮತ್ತೆ ಅರ ಹಿಡಿಯುವುದು. ಕಾಕು ಒಳಗಿನಿಂದ, "ಪರೀಕ್ಷಾ ಇಟ್ಟಾಂವ ಇಷ್ಟ ಕಡಕ ಇರಾಂಗಿಲ್ಲ ತಗೋರಿ, ಚಾ ಕುಡದ ತಿಕ್ಕರಿ" ಎನ್ನುವುದು. ಆ ಆರು ವಾರ ಅವರ ಮನೆಯಲ್ಲಿ ಉಕ್ಕಿನ ಪುಡಿ ಮತ್ತು ಜೋಳದ ಹಿಟ್ಟು ಎರಡನ್ನೂ ಗುಡಿಸಬೇಕಾಗುತ್ತಿತ್ತು. ಕೊನೆಯ ವಾರ ಇಂಚರಾ ಎರಡು ಸಲ ಸುಮ್ಮನೆ ತಲೆಯಾಡಿಸಿ, ಲೈಟ್ ಇಲ್ಲ ಎಂದು ಒಪ್ಪಿದ್ದಳು. ಕಾಕು ಅವಳ ಬಾಯಿಗೆ ಬೆಲ್ಲ ಹಾಕಿದ್ದರು.

ಪರೀಕ್ಷೆಯ ದಿನ ಕಾಕಾ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ನಾನು ಮತ್ತು ಕಾಕು ಮೇಲಿನಿಂದ ನೋಡಿದೆವು. ಸಂಜೆ ನಾಲ್ಕಕ್ಕೆ ವಾಪಸು ಬಂದರು. ಚಪ್ಪಲಿ ಬಿಟ್ಟು, ಕೈ ತೊಳೆದು, "ಆಗಲಿಲ್ಲ" ಎಂದಷ್ಟೇ ಹೇಳಿ ಲಿಂಗಪೂಜೆಗೆ ಕುಳಿತರು. ಹೆಬ್ಬೆರಳು ಕೈಕೊಟ್ಟಿರಬೇಕು ಎಂದು ಕಾಕೂ ನಾನೂ ಅಂದುಕೊಂಡೆವು.

ನಡೆದದ್ದು ಮರುದಿನ ಗೊತ್ತಾಯಿತು. ಕಾಕಾ ಕೆಲಸಕ್ಕೆ ಹೋಗಿದ್ದರು, ನಾನು ಕಾಕು ಜೊತೆಗಿದ್ದೆ. ಒಬ್ಬ ಮನುಷ್ಯ ಅವರ ಮನೆ ಹುಡುಕಿಕೊಂಡು ಬಂದ. ನಲವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಸಿಹಿಯ ಡಬ್ಬಿ, ಆದರೆ ಮುಖ ಮಾತ್ರ ಸಾವಿನ ಮನೆಗೆ ಬಂದವನದು. ಹೆಸರು ರೋಹಿದಾಸ, ಕಾರವಾರದವನು, ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಕೆಲಸ. ಪರೀಕ್ಷೆಯಲ್ಲಿ ಕಾಕಾನ ಪಕ್ಕದ ಬೆಂಚಿನವನು.

"ಅಕ್ಕಾ, ಕಾಕಾಂದು ಎಲ್ಲಾ ಮುಗಿದಿತ್ತು" ಎಂದ ಅವನು ಕಾಕುಗೆ, ಕುರ್ಚಿಯ ತುದಿಯಲ್ಲಿ ಕುಳಿತು. "ಕಡೇ ಅಂಚು ಒಂದು ಸವರೋದಷ್ಟೇ ಇತ್ತು. ನಂದೇ ಕೂಡ್ತಾ ಇರಲಿಲ್ಲ. ಅಷ್ಟೊತ್ತಿಗೆ ಅರ್ಧ ಗಂಟೆ ಉಂಟು ಅಂತ ಬೆಲ್ ಹೊಡೀತು. ಬೆಲ್ ಹೊಡ್ದದ್ದೇ ಕಾಕಾ ತಮ್ಮ ತುಂಡು ಇಟ್ರು, ಕೈ ಒರೆಸ್ಕೊಂಡ್ರು, ಎದ್ದು ಸಾಲಲ್ಲಿ ನಡೆಯೋದಕ್ಕೆ ಶುರು ಮಾಡಿದ್ರು ಮಾರಾಯ್ರೆ! ಪರೀಕ್ಷೆ ಬರೆಯೋಕೆ ಬಂದವರ ಥರ ಅಲ್ಲ, ಇಡೀ ವರ್ಕ್‌ಶಾಪ್ ಅವರದ್ದೇ ಅನ್ನೋ ಥರ. ನನ್ನ ಹತ್ರ ಬಂದು ನಿಂತ್ರು. ನಾನು ಮೆಲ್ಲಗೆ ಕೇಳಿದೆ, ಕಾಕಾ, ಹಿಡೀತಾ ಉಂಟು, ಸ್ವಲ್ಪ ನೋಡಿ ಅಂತ. ಅರ ಇಸ್ಕೊಂಡು ಮೂರು ಸಲ ಎಳೆದ್ರು. ತುಂಡು ಬೆಣ್ಣೆ ಥರ ಕೂತ್ಕೊಂತು."

ಕಾಕು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಕಂಪನಿಯವನು ನೋಡಿಬಿಟ್ಟ. ಕೂಗಾಡಿದ. ಪರೀಕ್ಷೆ ಮಾಡ್ತಾ ಇದ್ದದ್ದು ಉಸ್ತಾದ್ ಅಬ್ದುಲ್ ಸಲಾಂ ಅಂತ ಕುವೈತಿ. ಅವರು ಮುಂಚೆ ಕಾಕಾನ ಕೈಲೇ ಕಲ್ತವರಂತೆ. ಬೆಳಿಗ್ಗೆ ಕಾಕಾನ್ನ ಕಂಡ ಕೂಡ್ಲೆ ಹಣೆಗೆ ಮುತ್ತು ಕೊಟ್ಟಿದ್ರು, ಅಮ್ಮಿ ಅಮ್ಮಿ ಅಂತ. ಅರಬಿಯಲ್ಲಿ ಅದು ನಮ್ಮ ಕಾಕಾ ಅಂದ ಹಾಗೇ. ಅವರು ಎಷ್ಟು ಹೇಳಿದ್ರೂ ಕಂಪನಿಯವನು ಕೇಳ್ಲಿಲ್ಲ. ನಪಾಸು ಅಂತ ಒಬ್ಬರ ಹೆಸರು ಬರೀಲೇಬೇಕು ಅಂದ. ನಾನು ಸಹಾಯ ಕೇಳಿದ್ರೆ ನನ್ನ ಹೆಸರು, ಕೇಳದೇ ಕಾಕಾ ಮುಟ್ಟಿದ್ರೆ ಕಾಕಾನ ಹೆಸರು. ಉಸ್ತಾದ್ ಕಾಕಾನ್ನೇ ಕೇಳಿದ್ರು. ಅಮ್ಮಿ, ಅವನು ಕೇಳಿದನಾ? ಅಂತ."

ರೋಹಿದಾಸ ಸಿಹಿಯ ಡಬ್ಬಿಯನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಇಟ್ಟ.

"ಕಾಕಾ ಅಂದ್ರು, ಇಲ್ಲ, ಅವನು ಕೇಳಿಲ್ಲ, ನಾನೇ ಕಸಕೊಂಡೆ ಅಂತ. ನಾನು ಬಾಯಿ ತೆಗೆಯೋಷ್ಟರಲ್ಲಿ ನನ್ನ ಕಾಲು ತುಳಿದ್ರು. ನಾನು... ನಾನೂ ಸುಮ್ಮನಾದೆ ಅಕ್ಕಾ. ಚಹಾಕ್ಕೆ ಬಿಟ್ಟಾಗ ಅವರಿಗೆ ಫೋಟೋ ತೋರಿಸಿದ್ದೆ. ಹೆಂಡ್ತಿ, ಮಗು ಇಲ್ಲಿಗೆ ಬಂದು ಮೂರೇ ತಿಂಗಳು. ಮಗೂಗೆ ಐದು ತಿಂಗಳು. ಅದನ್ನ ನೋಡಿದ್ರು ಅವರು. ಎಷ್ಟು ಹೊತ್ತು ನೋಡಿದ್ರು ಅಂದ್ರೆ, ಚಹಾ ಆರಿಹೋಯ್ತು."

ಅವನಿಗೆ ಸ್ಮಶಾನದ ವಿಷಯ ಗೊತ್ತಿಲ್ಲವೆಂದು ನನಗೆ ಗೊತ್ತಿತ್ತು. ಹೇಳಿಬಿಡಲೇ ಎನ್ನಿಸಿತು, ಕಾಕು ನನ್ನ ಕಡೆ ನೋಡಿ ಬೇಡವೆಂದು ತಲೆಯಲ್ಲಾಡಿಸಿದರು. ಒಳಗೆ ಹೋಗಿ ಐದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಅವನ ಕೈಗಿಟ್ಟರು.

"ಬಾಣಂತಿ ಅದಾಳಲ್ಲ ಮನ್ಯಾಗ. ಹಾಲ ಉಣಸಾಕಿ ಚಲೋ ಉಣ್ಣಬೇಕ. ಒಯ್ಯಿ."

ಅವನು ಮೆಟ್ಟಿಲ ಮೇಲೆ ಅತ್ತದ್ದು ಮೇಲಿನ ತನಕ ಕೇಳಿಸಿತು.

ಸಂಜೆ ಕಾಕಾ ಬಂದಾಗ ನಾನಿನ್ನೂ ಅಲ್ಲೇ ಇದ್ದೆ, ಇಂಚರಾ ಅವರ ಮನೆಯ ಚಾಪೆಯ ಮೇಲೆ ಮಲಗಿಬಿಟ್ಟಿದ್ದಳು. ಎತ್ತಿಕೊಂಡು ಹೊರಡುವಷ್ಟರಲ್ಲಿ ಕಾಕು ಶುರು ಮಾಡಿದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಇಪ್ಪತ್ತಮೂರ ವರ್ಷ ಮಂದಿ ಮಕ್ಕಳ ಕೈ ಹಿಡದ ತಿದ್ದಿದ್ರಿ. ಒಂದ ದಿನಾ, ಒಂದ ದಿನಾ ನಿಮ್ಮ ಕೂಸಿನ ಕೈ ಹಿಡೀರಿ ಅಂದ್ರ ಬಿಟ್ಟ ಬಂದ್ರಿ? ಹೂಂ, ಕೇಳ್ಯಾನ ಅಂತ ಖರೇ ಹೇಳಿದ್ರ ಏನ ಆಗತಿತ್ತು?"

ಕಾಕಾ ಕೈಚೀಲ ಕೆಳಗಿಟ್ಟರು. "ಗಂಟಿ ಹೊಡೀತು, ಕಾಲ ತಾನ ಎದ್ದವು. ಅದು ನನ್ನ ತಪ್ಪ."

"ಗಂಟಿದ್ದ ಬಿಡ್ರಿ. ಆಮ್ಯಾಲೆ ಸುಳ್ಳ ಯಾಕ ಹೇಳಿದ್ರಿ?"

ಅವರು ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕುಳಿತರು.

"ಅವಂದು ಕೂಸು ಅಳತೈತಿ, ಕಾಂಚನಾ" ಎಂದರು. "ನಮ್ಮದು ಅಳೂದಿಲ್ಲ."

"ಅಳೂದಿಲ್ಲ ಅಂತ ಬಿಟ್ಟ ಹೋಗೂದೇನ?"

ನಾನು ಮಗಳನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಬಾಗಿಲು ಎಳೆದುಕೊಂಡೆ. ಮನೆಗೆ ಬಂದ ಮೇಲೂ ಅವಳನ್ನು ಹಾಸಿಗೆಗೆ ಇಳಿಸಲು ಆಗಲಿಲ್ಲ. ನಿದ್ದೆಯಲ್ಲಿ ಬೆವೆತು ಭಾರವಾಗಿದ್ದಳು. ಹಾಗೇ ಹೊತ್ತುಕೊಂಡು ಕುಕ್ಕರ್ ಇಟ್ಟೆ.

ವಿವೇಕ್ ತಮ್ಮ ಕೈಲಾದದ್ದು ಮಾಡಿದರು. ತಾವು ಕೆಲಸ ಮಾಡುವ ಮೀನಾ ಅಬ್ದುಲ್ಲಾದಲ್ಲಿ, ತಮ್ಮ ಗುತ್ತಿಗೆ ಕಂಪನಿಯವರಲ್ಲಿ, ಸ್ಟೋರ್ ಕೆಲಸ ಇದೆಯೇ ಎಂದು ವಿಚಾರಿಸಿದರು. ಐವತ್ತೈದು ಅಂದ ಕೂಡಲೇ ಅಲ್ಲಿ ಮಾತು ನಿಂತಿತು. ಉಸ್ತಾದ್ ಅಬ್ದುಲ್ ಸಲಾಂ ಕಂಪನಿಗೆ ಎರಡು ಸಲ ಹೋಗಿ ಬಂದರಂತೆ, ಮರುಪರೀಕ್ಷೆ ಆರು ತಿಂಗಳ ಮೇಲೆ ಎಂದರಂತೆ. ಇಕಾಮಾ ಮುಗಿಯಲು ಉಳಿದಿದ್ದದ್ದು ಐದು ವಾರ.

ಅಬ್ದುಲ್ ಸಲಾಂ ಅವರಿಗೆ ಮಾಡಲು ಸಾಧ್ಯವಾದದ್ದು ಒಂದೇ. ಕಾಕಾನ ಕೊನೆಯ ದಿನ, ಹುಡುಗರೆಲ್ಲ ಹೋದ ಮೇಲೆ, ಶುವೈಖ್ ವರ್ಕ್‌ಶಾಪಿನ ಬೀಗ ಹಾಕದೆ ಸಂಜೆ ಏಳರವರೆಗೂ ಬಿಟ್ಟರು. ಏನು ಬೇಕೋ ಮಾಡಿಕೊಳ್ಳಿ ಅಮ್ಮಿ, ನಾನು ಹೊರಗೆ ಕುಳಿತಿರುತ್ತೇನೆ ಎಂದರಂತೆ. ಬೇರೆ ಬೀಳ್ಕೊಡುಗೆಯೇನೂ ಇರಲಿಲ್ಲ. ಕೊನೆಯ ತಂಡದ ಹುಡುಗರ ಎರಡು ವರ್ಷವೂ ಮುಗಿದಿತ್ತು, ಅವರು ಅವರ ದಾರಿಗೆ ಹೋಗಿದ್ದರು.

ಆ ದಿನಕ್ಕೆ ಮುಂಚೆ ಕಾಕಾ ಹೆಂಡತಿಯನ್ನು ಕೇಳಿದ್ದು ನನ್ನೆದುರಿಗೇ. "ಹೊಸಾ ತಗಡ ಮಾಡತೇನಿ. ತುಕ್ಕ ಹಿಡೀಲಾರದ್ದು. ಏನ ಹೆಸರ ಹಾಕ್ಲಿ?"

ಕಾಕು ಪಾತ್ರೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದರು. ನನಗೆ ಖಾತ್ರಿಯಿತ್ತು, ಅವರ ಬಾಯಲ್ಲಿ ಒಂದು ಹೆಸರಿದೆ, ಹತ್ತೊಂಬತ್ತು ವರ್ಷದಿಂದ ಇದೆ.

"ತೊಟ್ಟಲದಾಗ ಇಡಲಾರದ ಹೆಸರ ಉಕ್ಕಿನ ಮ್ಯಾಲೆ ಯಾಕ?" ಎಂದರು. "ನಂಬರ ಇರಲಿ. ಈ ತಂಗಿಗೆ ಹುಡುಕಾಕ ಸರಳ ಆಗತೈತಿ."

ಹಾಗೆ, ನನ್ನನ್ನು ಕೇಳದೆಯೇ, ಸೋಮವಾರ ಅಲ್ಲಿಗೆ ಹೋಗಿ ಹಾಲು ಹಾಕುವ ಕೆಲಸ ನನಗೆ ಒಪ್ಪಿಸಿದ್ದರು. ನಾನು ಹೂಂ ಅಂದೆ.

ಕೊನೆಯ ಸೋಮವಾರ ಅಬ್ದುಲ್ ಸಲಾಂ ತಮ್ಮ ಕಾರಿನಲ್ಲಿ ಅವರಿಬ್ಬರನ್ನೂ ಸ್ಮಶಾನಕ್ಕೆ ಕರೆದುಕೊಂಡು ಹೋದರು. ನಾನು ಹೋಗಲಿಲ್ಲ, ಅದು ಅವರ ಸೋಮವಾರ. ಬುಧವಾರ ವಿಮಾನ. ಕಾಕು ನನಗೆ ರೊಟ್ಟಿಯ ಹೆಂಚು ಬಿಟ್ಟುಹೋದರು. "ನಿನಗ ಬಡ್ಯಾಕ ಬರೂದಿಲ್ಲ ಅಂತ ಗೊತ್ತೈತಿ. ದ್ವಾಸಿ ಆದ್ರೂ ಹಾಕ" ಎಂದು ನಗಲು ನೋಡಿದರು. ಕಾಕಾ ಇಂಚರಾಳ ತಲೆ ಸವರಿ, "ಇನಿಸ್‌ಪೆಕ್ಟರ್ ಬಾಯಿ, ಬರತೇನಿ" ಎಂದರು. ಇವಳು, "ಬೈ ಕಾಕಾ, ಕಮ್ ಟುಮಾರೋ" ಎಂದಳು.

ಮೂರು ವಾರದ ನಂತರದ ಸೋಮವಾರ ಮೊದಲ ಸಲ ನಾನೇ ಹೋದೆ. ಇಂಚರಾಳನ್ನೂ ಕರೆದುಕೊಂಡೆ. ಶಿಫಾನಾ ಊರಿಗೆ ಹೋಗಿದ್ದಳು, ಬೇರೆ ದಾರಿ ಇರಲಿಲ್ಲ. ಟ್ಯಾಕ್ಸಿ ಹೇಳಿ, ಮಗಳಿಗೆ ಟೊಪ್ಪಿ ಹಾಕಿ, ನೀರು, ಒದ್ದೆ ಟಿಶ್ಯೂ, ಸಣ್ಣ ಬಾಟಲಿಯಲ್ಲಿ ಹಾಲು ತೆಗೆದುಕೊಂಡೆ. ಮೂಲೆಯ ಸಾಲು ಹುಡುಕುವುದು ಕಷ್ಟವಾಗಲಿಲ್ಲ. ಹಳೆಯ ತಗಡಿನ ಜಾಗದಲ್ಲಿ ಹೊಸದು, ಸ್ಟೀಲಿನದು, ಬಿಸಿಲಿಗೆ ಮಿಂಚುತ್ತಿತ್ತು. ಅದೇ ಅಂಕಿಗಳು. ಎರಡನೆಯ ಒಂದರ ಪಂಚು ಸ್ವಲ್ಪ ವಾಲಿದೆ.

ಮರಳು ಒರೆಸುವಾಗ ಕಂಡಿತು. ಅದು ಬರೀ ತಗಡಲ್ಲ. ದಪ್ಪ ಉಕ್ಕಿನ ಒಂದು ಚೌಕಟ್ಟು, ಅದರ ನಡುವಿನ ಕಿಂಡಿಯಲ್ಲಿ ಕೂಡಿಸಿದ ಚೌಕದ ತುಂಡು. ಸ್ಕ್ರೂ ಇಲ್ಲ, ವೆಲ್ಡಿಂಗ್ ಇಲ್ಲ. ಅರದಿಂದ ತಿಕ್ಕಿ ಹೊಂದಿಸಿದ್ದು. ಸುತ್ತಲೂ ಬೆರಳಾಡಿಸಿದೆ. ಒಂದು ಕಡೆಯೂ ಚುಚ್ಚಲಿಲ್ಲ.

ಕಾಕುಗೆ ಫೋನ್ ಮಾಡಿದೆ. ಕಾಕಾನೇ ಎತ್ತಿದರು. ಹಿಂದೆ ಯಾರದೋ ಮನೆಯ ಗದ್ದಲ ಕೇಳಿಸುತ್ತಿತ್ತು, ಅವರು ತಮ್ಮನ ಮನೆಯಲ್ಲಿದ್ದರು.

"ಬಂದಿದ್ದೀನಿ ಕಾಕಾ. ಇಲ್ಲೇ ಇದ್ದೀನಿ."

ಅವರು ಗದ್ದಲದಿಂದ ಆಚೆ ನಡೆದುಹೋದದ್ದು ತಿಳಿಯಿತು. ಆಮೇಲೆ ಕೇಳಿದರು. "ಕೂಸು ಬಂದೈತೇನ ಸಂಗಾಟ?"

"ಬಂದಿದೆ."

"ಹಂಗಾರ ಬೆಳಕ ಕಾಣತೈತೇನ ನೋಡ ಅನ್ನು ಆಕಿಗೆ."

ಇಂಚರಾಗೆ ಹೇಳಬೇಕಾಗಲಿಲ್ಲ, ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದಳು. ಮರಳ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸಂದಿಗೆ ಹಚ್ಚಿ ನೋಡಿದಳು. ಆಚೆ ಬದಿಯಲ್ಲಿ ಮಧ್ಯಾಹ್ನದ ಸೂರ್ಯನಿದ್ದ. ಇವಳು ನಾಲ್ಕೂ ಅಂಚು ನೋಡಿದಳು, ಆತುರ ಮಾಡಲಿಲ್ಲ.

"ನೋ ಲೈಟ್, ಕಾಕಾ."

ಫೋನು ಕಾಕು ಕೈಗೆ ಹೋಯಿತು.

"ಹಾಲ ಹಾಕಿದೇನ?"

"ಹಾಕ್ತೀನಿ ಕಾಕು, ಈಗ್ಲೇ."

"ಹಾಕ. ಹಾಕಿ ಬಿಸಲಾಗ ನಿಂದರಬ್ಯಾಡ ತಂಗಿ" ಎಂದರು. "ಕೂಸಿನ್ನ ಕರಕೊಂಡ ಮನಿಗೆ ಹೋಗು."